ಕರೆಂಟ್ ಖಾತೆಯ ಕೊರತೆ

ನಾನು ಸ್ವಲ್ಪ ಮುಂಗೋಪಿ. ಅದರಲ್ಲೂ ಕನ್ನಡದ ವಿಷಯ ಬಂದರೆ ಮೂಗಿನ ತುದಿಯಲ್ಲೇ ಕೋಪ. ಬೇಲೂರಿನ ಕಾಲೇಜೊಂದರಲ್ಲಿ ಕನ್ನಡ ಮಾಧ್ಯಮದ ಬಿ.ಎ. ಮಕ್ಕಳಿಗೆ ಅರ್ಥಶಾಸ್ತ್ರ ಹೇಳುತ್ತಿದ್ದ ಕಾಲದಲ್ಲಿ, ಪಠ್ಯಪುಸ್ತಕಗಳ ಕನ್ನಡ ಓದಿ ದಿನಕ್ಕೊಮ್ಮೆಯಾದರೂ ಸಿಡುಕುತ್ತಿದ್ದೆ. ಒಂದು ಪುಸ್ತಕದಲ್ಲಿ ‘ಚಾಲ್ತಿ ಖಾತೆ’ ಎಂದಿದ್ದರೆ ಇನ್ನೊಂದರಲ್ಲಿ ‘ಚಾಲ್ತಿ ಲೆಕ್ಕ’, ಮತ್ತೊಂದರಲ್ಲಿ ‘ಪ್ರಚಲಿತ ಖಾತೆ’. ಮೂರೂ ಒಂದೇ ಎಂದು ನಂಬಿಸುವುದರಲ್ಲೇ ಅರ್ಧ ಪೀರಿಯಡ್ ಹೋಗುತ್ತಿತ್ತು. ನನ್ನ ಕೈಗೆ ಬಿಟ್ಟರೆ ಜನ ಆಡುವ ಮಾತಿನಲ್ಲೇ ಎಲ್ಲ ಬರೆದುಬಿಡುತ್ತೇನೆ ಎಂದು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಿಜವಾಗಿಯೂ ನನ್ನ ಕೈಗೆ ಬಿಟ್ಟರು. ಬಿಟ್ಟದ್ದೇ ತಡ, ಎಡವಿದೆ.

ಎಡವಿದ ಪೆಟ್ಟು ನನಗಿಂತ ಹೆಚ್ಚಾಗಿ ಬೀಳಲಿದ್ದದ್ದು ಹತ್ತಿರದ ಹಗರೆ ಊರಿನ ಒಬ್ಬ ಹೆಣ್ಣುಮಗಳಿಗೆ. ಮೊದಲು ಆಕೆಯ ವಿಷಯ ಹೇಳುತ್ತೇನೆ. ಆಕೆ ಅಂಗನವಾಡಿ ಕಾರ್ಯಕರ್ತೆ. ಎರಡು ಮಕ್ಕಳಾದ ಮೇಲೆ ಮನೆಯಲ್ಲೇ ಓದಿಕೊಂಡು ಬಿ.ಎ. ಕಟ್ಟಿದ್ದರು. ಉಳಿದ ಪೇಪರುಗಳೆಲ್ಲ ಪಾಸಾಗಿ ಅರ್ಥಶಾಸ್ತ್ರದ ಒಂದು ಪೇಪರು ಮಾತ್ರ ಎರಡು ಸಲ ಕೈಕೊಟ್ಟಿತ್ತು. ಪದವಿ ಇದ್ದರೆ ಮೇಲ್ವಿಚಾರಕಿಯ ಹುದ್ದೆಗೆ ಅರ್ಜಿ ಹಾಕಬಹುದಿತ್ತು, ಆದರೆ ಆಕೆಯ ವಯಸ್ಸಿಗೆ ಅದೇ ಕೊನೆಯ ವರ್ಷ. ಈ ಸಲ ದಾಟದಿದ್ದರೆ ಆಮೇಲೆ ಪದವಿ ಬಂದರೂ ಗೋಡೆಗೆ ನೇತುಹಾಕಿಕೊಳ್ಳಬೇಕಷ್ಟೆ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಬೇಲೂರಿಗೆ ಬಂದು, ನಮ್ಮ ಬಾಡಿಗೆ ಮನೆಯ ಹಜಾರದಲ್ಲಿ ಚಾಪೆಯ ಮೇಲೆ ಕೂತು ಪಾಠ ಹೇಳಿಸಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಕಾಫಿ ತಂದುಕೊಟ್ಟರೆ, “ಅಭ್ಯಾಸ ಇಲ್ಲ ಕಣಕ್ಕ” ಎಂದು ಲೋಟವನ್ನು ಪಕ್ಕಕ್ಕೆ ಸರಿಸುತ್ತಿದ್ದರು.

ಒಂದು ಭಾನುವಾರ ಬಜೆಟ್ ಕೊರತೆ ಮತ್ತು ಚಾಲ್ತಿ ಖಾತೆ ಕೊರತೆಯ ಪಾಠ ಬಂತು. ದೇಶದ ಚಿನ್ನವನ್ನು ಹೊರಗೆ ಅಡವಿಟ್ಟ ಸುದ್ದಿ ಬಂದ ವರ್ಷದಿಂದ ಆ ಅಧ್ಯಾಯಕ್ಕೆ ಎಲ್ಲಿಲ್ಲದ ಮರ್ಯಾದೆ. ಸರ್ಕಾರ ತನ್ನ ವರಮಾನಕ್ಕಿಂತ ಹೆಚ್ಚು ಖರ್ಚು ಮಾಡಿದರೆ ಅದು ಬಜೆಟ್ ಕೊರತೆ. ದೇಶವೇ ಹೊರಗೆ ಮಾರಿ ಗಳಿಸಿದ್ದಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಂಡರೆ ಅದು ಚಾಲ್ತಿ ಖಾತೆಯ ಕೊರತೆ. ಒಂದು ಹುಟ್ಟಿದರೆ ಇನ್ನೊಂದೂ ಹುಟ್ಟುತ್ತದೆ, ಅದಕ್ಕೇ ಅವಳಿ ಕೊರತೆ ಅನ್ನುತ್ತಾರೆ ಎಂದೆ. ಹಳೇಬೀಡಿನಲ್ಲಿ ಅಕ್ಕಪಕ್ಕ ನಿಂತಿರುವ ಜೋಡಿ ಗುಡಿಗಳನ್ನು ನೆನಪಿಸಿದೆ. ಆಕೆಗೆ ಏನೂ ತಲೆಗೆ ಹತ್ತಿದ ಹಾಗೆ ಕಾಣಲಿಲ್ಲ.

“ಹೋಗ್ಲಿ, ನಿಮ್ಮನೇಲಿ ಹಸು ಇದೆಯಲ್ಲಮ್ಮ?” ಎಂದೆ.

“ಒಂದೈತೆ ಸಾರ್. ಡೈರಿಗೆ ಹಾಕಿ, ಮನೆಗೆ ಅಂತ ಒಂದು ಚೊಂಬು ಹಾಲು ಉಳಿಸ್ಕೊಂತೀವಿ.”

ಆಕೆಯ ಮನೆ ಹಗರೆಯಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಎದುರಿಗೇ ಇತ್ತು. ಬಸ್ಸಿಗೆ ಕಾಯುವವರೆಲ್ಲ ಇವರ ಜಗಲಿಯ ಮೇಲೆ ಕೂರುತ್ತಿದ್ದರು. ಕೂತವರ ಮುಖ ನೋಡಿದ ಕೂಡಲೇ ಆಕೆಯ ಮಾವ ಒಳಕ್ಕೆ ತಿರುಗಿ, “ಕಾಫಿ ಕಾಯ್ಸಮ್ಮ” ಅನ್ನುತ್ತಿದ್ದರು. ನಾನೂ ಒಂದು ಸಲ ಆ ಕಾಫಿ ಕುಡಿದಿದ್ದೆ, ಹಾಗಾಗಿ ಉದಾಹರಣೆ ಕೈಗೆ ಸಿಕ್ಕಿತು.

“ನಿಮ್ಮ ಮಾವನೋರನ್ನೇ ಸರ್ಕಾರ ಅಂದ್ಕೊಳ್ಳಿ. ಚೊಂಬಿನಲ್ಲಿರೋ ಹಾಲಿಗಿಂತ ಜಾಸ್ತಿ ಜನಕ್ಕೆ ಕಾಫಿ ಹೇಳ್ತಾರೆ. ಅದು ಬಜೆಟ್ ಕೊರತೆ. ಹಾಲು ಸಾಲದೆ ಬಂದಾಗ ನೀವು ಪಕ್ಕದ ಮನೆಯಿಂದ ಇಸ್ಕೊಂಡು ಬರ್ತೀರಿ. ಪಕ್ಕದ ಮನೆಯೇ ಪರದೇಶ. ಅದು ಚಾಲ್ತಿ ಖಾತೆ ಕೊರತೆ. ಒಂದರ ಹಿಂದೆ ಇನ್ನೊಂದು ಬಂತು. ಗೊತ್ತಾಯ್ತಾ?”

ಆಕೆ ಪೆನ್ನಿನ ಮುಚ್ಚಳ ಕಚ್ಚಿದರು. “ಎಲ್ಲಿ ಸಾರ್? ಪಕ್ಕದ ಮನೆಗೆ ಯಾಕೆ ಹೋಗ್ತೀವಿ? ನಮ್ಮತ್ತೆಗೆ ಅದೆಲ್ಲ ಮರ್ಯಾದೆ ಪ್ರಶ್ನೆ. ಹಾಲು ಕೇಳಕ್ಕೆ ಬಿಡಲ್ಲ.”

“ಮತ್ತೆ ಹಾಲು ಸಾಲದೆ ಬಂದಾಗ ಏನ್ಮಾಡ್ತೀರಿ?”

“ನಾನು ಕುಡಿಯಲ್ಲ, ಅಷ್ಟೆ.”

ನಾನು ಹಾಳೆ ಮಗುಚಿದೆ. ಪುಸ್ತಕದಲ್ಲಿ ಆ ಅಧ್ಯಾಯದ ಕೊನೆಗೆ ಇದೇ ಮಾತು ಒಂದು ಸಾಲಿನಲ್ಲಿ ಇತ್ತು. ಸರ್ಕಾರ ಎಷ್ಟೇ ಖರ್ಚು ಮಾಡಲಿ, ಒಳಗಿನ ಜನ ತಮ್ಮ ಬಳಕೆಯನ್ನು ಅಷ್ಟೇ ತಗ್ಗಿಸಿಕೊಂಡು ಉಳಿಸಿದರೆ, ಆ ಕೊರತೆ ಒಳಗೊಳಗೇ ತುಂಬಿಹೋಗುತ್ತದೆ, ಹೊರದೇಶದವರೆಗೆ ಹೋಗುವುದಿಲ್ಲ. ಅಂದರೆ ಅವಳಿಗಳು ಯಾವಾಗಲೂ ಅವಳಿಗಳಲ್ಲ. ಹತ್ತು ವರ್ಷ ಪಾಠ ಮಾಡಿದ ನಾನು ಆ ಸಾಲನ್ನು ಪ್ರತಿ ಸಲವೂ ಹಾರಿಸಿಕೊಂಡೇ ಬಂದಿದ್ದೆ. ನಮ್ಮ ಮನೆಯಲ್ಲಿ ಆಕೆ ಕಾಫಿ ಲೋಟವನ್ನು ಯಾಕೆ ಸರಿಸುತ್ತಿದ್ದರು ಅನ್ನುವುದೂ ಆವತ್ತು ತಿಳಿಯಿತು. ಅಭ್ಯಾಸ ತಪ್ಪಿ ಎಷ್ಟು ವರ್ಷವಾಯಿತು ಎಂದು ಕೇಳಬೇಕೆನಿಸಿತು, ಆದರೆ ಕೇಳಲಿಲ್ಲ.

ಇದಾದ ಎಷ್ಟೋ ತಿಂಗಳ ಮೇಲೆ, ಶಿವರಾತ್ರಿ ಕಳೆದ ಹೊಸದರಲ್ಲಿ, ವಿಶ್ವವಿದ್ಯಾನಿಲಯದಿಂದ ಅರಗಿನ ಮುದ್ರೆ ಹಾಕಿದ ಲಕೋಟೆ ಬಂತು. ಆಕೆ ಕಟ್ಟಿದ್ದ ಅದೇ ಅರ್ಥಶಾಸ್ತ್ರದ ಪೇಪರಿಗೆ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದು ಕಳಿಸಬೇಕು, ಯಾರಿಗೂ ಹೇಳಕೂಡದು. ಹೀಗೆ ಮೂರು ನಾಲ್ಕು ಜನರಿಂದ ಬರೆಸಿ ಒಂದನ್ನು ಆರಿಸುತ್ತಾರೆ. ಯಾವುದು ಅಚ್ಚಾಗುತ್ತದೆ ಎಂದು ಬರೆದವನಿಗೂ ಪರೀಕ್ಷೆಯ ದಿನದವರೆಗೆ ಗೊತ್ತಾಗುವುದಿಲ್ಲ. ಗುಟ್ಟಾಗಿ ಬರೆಯಲೆಂದು ಅರಸೀಕೆರೆಗೆ, ನಮ್ಮ ತಂದೆಯ ಮನೆಗೆ ಹೋದೆ.

ತಂದೆಯವರು ಕೊಬ್ಬರಿ ವ್ಯಾಪಾರದವರು. ಮಧ್ಯಾಹ್ನ ಊಟ ಮಾಡಿ ಫ್ಯಾನಿನ ಕೆಳಗೆ ಅಂಗಾತ ಮಲಗುವುದು ಅವರ ಪಾಲಿಗೆ ನಿತ್ಯದ ಪೂಜೆಯಷ್ಟೇ ಮುಖ್ಯ. ಆವತ್ತು ಅವರು ಮಲಗಿದ ಐದು ನಿಮಿಷಕ್ಕೆ ಫ್ಯಾನು ನಿಂತಿತು. ನಾನು ಪಕ್ಕದ ಕೋಣೆಯಲ್ಲಿ ಇಂಗ್ಲಿಷಿನ ಪ್ರಶ್ನೆಗಳನ್ನೆಲ್ಲ ಮುಗಿಸಿ ಕನ್ನಡಕ್ಕೆ ಇಳಿಸುತ್ತಿದ್ದೆ. ತಂದೆಯವರು ಬೀಸಣಿಗೆಗೆ ತಡಕಾಡುತ್ತಾ ಶುರುಮಾಡಿದರು.

“ಈ ಕರೆಂಟ್ ಖಾತೆ ಈಗ ಯಾವನ ಹತ್ರ ಐತೋ? ಅವನ ಮನೇಲಿ ಮಾತ್ರ ಫ್ಯಾನ್ ತಿರುಗ್ತಾ ಇರುತ್ತೆ, ನೋಡ್ತಾ ಇರು. ಏನ್ಲಾ ಅದು, ಇಷ್ಟು ಹೊತ್ತಿಂದ ಬರೀತಿದೀಯ?”

“ಏನಿಲ್ಲ ಅಪ್ಪ, ಕಾಲೇಜಿಂದು” ಎಂದೆ. ಅದೇ ಹೊತ್ತಿಗೆ ನನ್ನ ಕೈ, ಚಾಲ್ತಿ ಖಾತೆಯೋ ಚಾಲ್ತಿ ಲೆಕ್ಕವೋ ಎಂದು ತಡವರಿಸುತ್ತಿದ್ದದ್ದು, ಸರಾಗವಾಗಿ ಹರಿಯಿತು. ‘ಬಜೆಟ್ ಕೊರತೆಗೂ ಕರೆಂಟ್ ಖಾತೆಯ ಕೊರತೆಗೂ ಇರುವ ಸಂಬಂಧವನ್ನು ವಿವರಿಸಿ.’ ಹದಿನೈದು ಅಂಕ. ಬರೆದ ಮೇಲೆ ಒಂದು ಸಲ ಓದಿದೆ, ಚೆನ್ನಾಗಿದೆ ಅನ್ನಿಸಿತು. ಸುದ್ದಿಪತ್ರಿಕೆಯವರೂ ‘ಕರೆಂಟ್ ಅಕೌಂಟ್’ ಎಂದೇ ಬರೆಯುತ್ತಾರೆ, ಅರ್ಥವಾಗದ ಪದಗಳಿಂದ ಮಕ್ಕಳನ್ನು ಪಾರುಮಾಡಿದೆ ಎಂದುಕೊಂಡು ಲಕೋಟೆಗೆ ಗೋಂದು ಹಚ್ಚಿದೆ. ಆಮೇಲೆ ಭಾನುವಾರದ ಪಾಠಗಳಲ್ಲಿ ಆ ಅಧ್ಯಾಯದ ಹತ್ತಿರಕ್ಕೂ ಹೋಗಲಿಲ್ಲ. ಅಷ್ಟು ಪ್ರಾಮಾಣಿಕತೆ ನನ್ನಲ್ಲಿತ್ತು.

ಪರೀಕ್ಷೆಯ ದಿನ ಬೇಲೂರಿನ ಕೊಠಡಿಯೊಂದರಲ್ಲಿ ನನ್ನದೇ ಮೇಲ್ವಿಚಾರಣೆ. ಕಟ್ಟು ಬಿಚ್ಚಿ ಪ್ರಶ್ನೆಪತ್ರಿಕೆ ಹಂಚುವಾಗ ನೋಡಿದೆ, ಅಚ್ಚಾಗಿದ್ದದ್ದು ನನ್ನದು! ಒಳಗೊಳಗೇ ಉಬ್ಬಿದೆ. ಆ ಉಬ್ಬು ಕಾಲು ಗಂಟೆ ಇತ್ತು. ಕಿಟಕಿಯ ಪಕ್ಕ ಕೂತಿದ್ದ ಹಗರೆಯ ಆಕೆ ಎದ್ದು ನಿಂತರು.

“ಸಾರ್, ಈ ಕರೆಂಟ್ ಖಾತೆ ಅಂದ್ರೆ ನಮ್ಮ ಕರೆಂಟಾ?”

ಆ ಒಂದು ಮಾತಿಗೆ ನನ್ನ ಕಿವಿ ಬಿಸಿಯಾಯಿತು. ಮಂತ್ರಿಗಳಿಗೆ ಹಂಚುತ್ತಾರಲ್ಲ, ಹಣಕಾಸು ಖಾತೆ, ಕಂದಾಯ ಖಾತೆ, ಅದೇ ಸಾಲಿಗೆ ಸೇರಿದ ಕರೆಂಟ್ ಖಾತೆ. ನಮ್ಮ ಸೀಮೆಯ ಯಾರನ್ನು ಕೇಳಿದರೂ ಆ ಮಾತಿಗೆ ಬೇರೆ ಅರ್ಥ ಹೇಳಲಾರರು. ಜನ ಆಡುವ ಮಾತಿನಲ್ಲಿ ಬರೆಯುತ್ತೇನೆಂದು ಹೊರಟವನು ಜನ ಏನು ಆಡುತ್ತಾರೆ ಅನ್ನುವುದನ್ನೇ ಕೇಳಿಸಿಕೊಂಡಿರಲಿಲ್ಲ.

ಪ್ರಶ್ನೆಯ ಅರ್ಥ ಹೇಳಿಕೊಡುವ ಅಧಿಕಾರ ಕೊಠಡಿಯಲ್ಲಿ ನಿಂತವನಿಗೆ ಇಲ್ಲ. ಅದರಲ್ಲೂ ಅದೇ ಪ್ರಶ್ನೆ ಬರೆದವನು ಬಾಯಿ ಬಿಟ್ಟರೆ ಮುಗಿಯಿತು. “ಇಂಗ್ಲಿಷಿನಲ್ಲೂ ಇದೆ, ನೋಡಿಕೊಳ್ಳಿ” ಎಂದಷ್ಟೇ ಹೇಳಿದೆ. ಆಕೆ ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದಿದರು. ಮುಖ ಅರಳಿತು. “ಇದ್ರಲ್ಲೂ ಕರೆಂಟ್ ಅಂತಾನೇ ಐತೆ ಸಾರ್” ಎಂದು ಕೂತು ಬರೆಯತೊಡಗಿದರು. ಇಡೀ ಕೊಠಡಿ ಅದನ್ನು ಕೇಳಿಸಿಕೊಂಡು ತಲೆ ತಗ್ಗಿಸಿ ಬರೆಯತೊಡಗಿತು.

ಪರೀಕ್ಷೆ ಮುಗಿದು ಹೊರಬಂದರೆ ಗೇಟಿನ ಹತ್ತಿರ ಆಕೆ ಕಾದಿದ್ದರು. “ಆ ಕರೆಂಟ್ ಪ್ರಶ್ನೆ ಒಂದು ಬಲು ಸುಲಭ ಇತ್ತು ಸಾರ್. ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟ್ ಕೊಟ್ಟಿದ್ದು, ಸರ್ಕಾರಕ್ಕೆ ಕೈ ಕಚ್ಚಿದ್ದು, ಎಲ್ಲ ಬರ್ದೀನಿ. ಬೇರೆವೇ ಸ್ವಲ್ಪ ಕಷ್ಟ ಆಯ್ತು.” ಆ ಬೇರೆಯವನ್ನೆಲ್ಲ ಒಂದೊಂದಾಗಿ ಕೇಳಿ ತಿಳಿದುಕೊಂಡೆ. ಎಷ್ಟು ಧಾರಾಳವಾಗಿ ಹಾಕಿದರೂ ಮೂವತ್ತು ದಾಟುತ್ತಿರಲಿಲ್ಲ. ಪಾಸಾಗಲು ಮೂವತ್ತೈದು ಬೇಕು. ಆ ಹದಿನೈದು ಅಂಕದ ಪ್ರಶ್ನೆ ಕೈಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಕೆಯ ಒಂದೇ ಒಂದು ಅವಕಾಶವನ್ನು ನನ್ನ ಜಾಣತನ ನುಂಗಿಹಾಕಿತ್ತು.

“ಚೆನ್ನಾಗಿ ಬರೆದಿದ್ದೀರಿ” ಎಂದೆ. ಹಾಗೆ ಹೇಳಿ ಮನೆಗೆ ಬಂದವನಿಗೆ ಊಟ ರುಚಿಸಲಿಲ್ಲ. ಆ ದಿನ ಮಾತ್ರ ಅಲ್ಲ, ಮೌಲ್ಯಮಾಪನಕ್ಕೆ ಹೋಗುವವರೆಗೂ ರುಚಿಸಲಿಲ್ಲ. ಹೆಂಡತಿ ಒಂದು ದಿನ ಹತ್ತಿರ ಬಂದು ಹಣೆ ಮುಟ್ಟಿ ನೋಡಿದಳು. “ಏನ್ರೀ, ಹದಿನೈದು ದಿನದಿಂದ ಸಾರಿಗೆ ಒಂದು ಹೆಸರೂ ಇಟ್ಟಿಲ್ಲ. ಹುಷಾರಿಲ್ವಾ?” ಹುಷಾರಿದ್ದೆ. ನಾಚಿಕೆಗೆ ಔಷಧಿ ಇರಲಿಲ್ಲ. ತಪ್ಪು ಒಪ್ಪಿಕೊಂಡು ವಿಶ್ವವಿದ್ಯಾನಿಲಯಕ್ಕೆ ಕಾಗದ ಬರೆಯಲು ಎರಡು ಸಲ ಕೂತೆ, ಎರಡು ಸಲವೂ ಹರಿದು ಹಾಕಿದೆ. ಹೆದರಿಕೆ, ಮತ್ತೇನಿಲ್ಲ.

ಮೌಲ್ಯಮಾಪನದ ದೊಡ್ಡ ಕೋಣೆಯಲ್ಲಿ ಮೊದಲ ಕಟ್ಟು ಬಿಚ್ಚಿದ ಅರ್ಧ ಗಂಟೆಗೆಲ್ಲ ನಗು ಶುರುವಾಯಿತು. ಎಲ್ಲರ ಮೇಜಿನ ಮೇಲೂ ಕರೆಂಟೇ ಕರೆಂಟು. ಒಬ್ಬ ಹುಡುಗ ಕಂಬ, ತಂತಿಗಳ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದ. ಇನ್ನೊಬ್ಬ, ತಮ್ಮೂರಿನ ಲೈನ್‌ಮನ್ ಕರೆದರೂ ಬರುವುದಿಲ್ಲವೆಂದು ದೂರು ಬರೆದಿದ್ದ. “ಯಾವ ಮಹಾನುಭಾವ ರೀ ಈ ಪ್ರಶ್ನೆ ತೆಗೆದಿದ್ದು?” ಎಂದು ಪಕ್ಕದವರು ನನ್ನ ಭುಜ ತಟ್ಟಿ ಕೇಳಿದರು. ನಾನೂ ಅವರ ಜೊತೆ ನಕ್ಕೆ. ಆ ನಗು ನೆನೆಸಿಕೊಂಡರೆ ಈಗಲೂ ಮೈ ಚುರುಗುಟ್ಟುತ್ತದೆ.

ಮುಖ್ಯ ಪರೀಕ್ಷಕಿ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಮೇಡಂ. ಅವರು ನಗಲಿಲ್ಲ. ವಿಷಯ ಬಿಟ್ಟು ಬರೆದದ್ದಕ್ಕೆ ಸೊನ್ನೆ, ನಿಯಮ ಇರುವುದೇ ಹಾಗೆ ಎಂದರು. ಆಗ ನನ್ನ ಎದುರಿನ ಮೇಜಿನ ಯುವಕ, “ಸೊನ್ನೆ ಹಾಕೋಕ್ ಮುಂಚೆ ಇದೊಂದು ಕೇಳಿ ಮೇಡಂ, ಇದ್ರಲ್ಲಿ ಕರೆಂಟ್ ಜೊತೆ ಹಾಲೂ ಬಂದಿದೆ” ಎಂದು ನಗುತ್ತಲೇ ಓದತೊಡಗಿದ. ಹಾಲು ಅಂದದ್ದೇ ನಾನು ಕೆಂಪು ಪೆನ್ನು ಕೆಳಗಿಟ್ಟೆ.

ರೈತರಿಗೆ ಕರೆಂಟು ಪುಕ್ಕಟೆ ಕೊಟ್ಟಿದ್ದರಿಂದ ಕರೆಂಟ್ ಖಾತೆಗೆ ಕೊರತೆ. ಅದನ್ನು ಸರ್ಕಾರ ತುಂಬಿಕೊಡುವುದರಿಂದ ಬಜೆಟ್ಟಿಗೆ ಕೊರತೆ. ಅಷ್ಟು ಕೊಟ್ಟರೂ ಕರೆಂಟು ಸಾಲದೆ ಅಕ್ಕಿ ಗಿರಣಿಯವರು ಡೀಸೆಲ್ ಎಂಜಿನ್ ಇಟ್ಟುಕೊಳ್ಳುತ್ತಾರೆ, ಡೀಸೆಲ್ ಹೊರದೇಶದಿಂದ ಬರಬೇಕು. ಹೀಗೆ ಒಳಗಿನ ಕೊರತೆ ಹೊರಗಿನ ಕೊರತೆಯಾಗುತ್ತದೆ. ಇಷ್ಟು ಬರೆದು, ಕೊನೆಗೆ ನಾಲ್ಕು ಸಾಲು. ಯುವಕ ಅವನ್ನು ಓದಿದ: “ಆದರೆ ಎಲ್ಲಾ ಕೊರತೆಯೂ ಹೊರಗೆ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಬಂದವರಿಗೆಲ್ಲ ಕಾಫಿ ಕೊಡುತ್ತಾರೆ. ಹಾಲು ಸಾಲುವುದಿಲ್ಲ. ಆದರೂ ಪಕ್ಕದ ಮನೆಗೆ ಹೋಗುವುದಿಲ್ಲ. ಯಾಕೆಂದರೆ ಮನೆಯಲ್ಲಿ ಒಬ್ಬರು ಕುಡಿಯುವುದಿಲ್ಲ.”

ಓದಿ ಮುಗಿಸುವ ಹೊತ್ತಿಗೆ ಯುವಕನ ದನಿಯಲ್ಲಿ ನಗು ಇರಲಿಲ್ಲ. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಇನ್ನೊಂದ್ಸಲ ಓದಿ” ಎಂದರು. ಅವನು ಓದಿದ. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

“ಮೇಡಂ, ಆ ಪ್ರಶ್ನೆ ಬರೆದವನು…”

“ಕೂತ್ಕೊಳ್ಳಿ” ಎಂದರು ಮೇಡಂ. “ಬರೆದವರು ಯಾರು ಅಂತ ಇಲ್ಲಿ ಯಾರೂ ಕೇಳಿಲ್ಲ.” ಆಮೇಲೆ ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದರು. “ಕನ್ನಡದಲ್ಲಿ ಪ್ರಶ್ನೆಗೆ ಎರಡು ಅರ್ಥ ಬರುತ್ತೆ. ತಪ್ಪು ಪ್ರಶ್ನೆಯದ್ದು, ಮಕ್ಕಳದ್ದಲ್ಲ. ಒಂದು ಕೊರತೆ ಇನ್ನೊಂದನ್ನ ಹೇಗೆ ಎಳ್ಕೊಂಡು ಬರುತ್ತೆ ಅಂತ ತೋರಿಸಿದ್ರೆ ಅಂಕ ಕೊಡಿ. ಬರೀ ಕರೆಂಟ್ ಇಲ್ಲ ಅಂತ ಗೋಳಾಡಿದ್ರೆ ಬೇಡ. ವಿಶ್ವವಿದ್ಯಾನಿಲಯಕ್ಕೆ ನಾನು ಬರೆದು ತಿಳಿಸ್ತೀನಿ. ಈ ಹಾಲಿನ ಉತ್ತರಕ್ಕೆ ಹದಿಮೂರು ಹಾಕಿ. ಕರೆಂಟ್ ಅಂತ ತಿಳ್ಕೊಂಡ್ರೂ, ಚಾಲ್ತಿ ಖಾತೆ ಅಂತ ತಿಳ್ಕೊಂಡ್ರೂ ಉತ್ತರ ಸರಿಯಾಗೇ ಇದೆ.”

ನನ್ನ ಎದೆಯ ಮೇಲಿದ್ದ ಭಾರ ಇಳಿದ ಹಾಗಾಯಿತು. ಮೊದಲು ನೆನಪಿಗೆ ಬಂದದ್ದು ಹಸಿವು. ಕ್ಯಾಂಟೀನಿನಲ್ಲಿ ಎರಡು ದೋಸೆ ಮುಗಿಸಿ ಮೂರನೆಯದಕ್ಕೆ ಹೇಳುವಾಗ ಮೇಡಂ ಬಂದು ಎದುರಿಗೆ ಕೂತರು.

“ನಿಮ್ಮ ಕೈಬರಹ ನನಗೆ ಗೊತ್ತು ಕಣ್ರೀ” ಎಂದರು ಮೆಲ್ಲಗೆ. “ನಾಲ್ಕು ಪೇಪರ್‌ನಲ್ಲಿ ಅದನ್ನ ಆರಿಸಿ ಸಹಿ ಹಾಕಿದ್ದೇ ನಾನು. ಓದ್ದೆ, ಚೆನ್ನಾಗಿದೆ ಅನ್ನಿಸ್ತು. ಮನೇಲಿ ಆವತ್ತು ಕರೆಂಟ್ ಇರ್ಲಿಲ್ಲ.”

ಇಬ್ಬರೂ ನಕ್ಕೆವು. ಬೆಳಿಗ್ಗೆಯ ಹಾಗೆ ಅಲ್ಲ, ನಿಜವಾಗಿ ನಕ್ಕೆವು. ಆ ಉತ್ತರ ಬರೆದವರು ಯಾರೆಂದು ನನಗೆ ಗೊತ್ತಿತ್ತು, ಅದನ್ನು ಮಾತ್ರ ಅವರಿಗೆ ಹೇಳಲಿಲ್ಲ.

ಫಲಿತಾಂಶ ಬಂದಾಗ ಆಕೆಗೆ ನಲವತ್ತೊಂದು. ಹದಿಮೂರು ಕಳೆದರೆ ಎಷ್ಟು ಉಳಿಯುತ್ತಿತ್ತು ಎಂದು ಲೆಕ್ಕ ಹಾಕಿ, ಇನ್ನೊಂದು ಸಲ ಉಸಿರು ಬಿಟ್ಟೆ. ಅರ್ಜಿ ಸಕಾಲಕ್ಕೆ ಹೋಯಿತು, ಮಳೆಗಾಲ ಮುಗಿಯುವುದರೊಳಗೆ ಕೆಲಸದ ಆದೇಶವೂ ಬಂತು. ಹಾಸನಕ್ಕೆ ಹೋಗಿ ಬರುತ್ತಿದ್ದಾಗ ಹಗರೆಯಲ್ಲಿ ಆಕೆ ಬಸ್ಸಿನ ಕಿಟಕಿಯಲ್ಲಿ ನನ್ನನ್ನು ಕಂಡು, “ಇಳೀರಿ ಸಾರ್, ಇಳೀರಿ” ಎಂದು ಕೂಗಿ ಇಳಿಸಿಕೊಂಡರು.

ಜಗಲಿಯ ಮೇಲೆ ಯಥಾಪ್ರಕಾರ ಬಸ್ಸಿಗೆ ಕಾಯುವ ನಾಲ್ಕು ಜನ ಇದ್ದರು. ಆಕೆ ಆದೇಶದ ಪ್ರತಿಯನ್ನು ತಂದು ತೋರಿಸಿದರು. “ಕೊನೇಲಿ ಜಾಗ ಉಳೀತು ಅಂತ ನಿಮ್ಮ ಹಾಲಿನ ವಿಷ್ಯಾನೂ ಹಾಕ್ಬಿಟ್ಟಿದ್ದೆ ಸಾರ್. ಆಮೇಲೆ ಪುಸ್ತಕ ತೆಗ್ದು ನೋಡುದ್ರೆ ಅದು ನಮ್ಮ ಕರೆಂಟೇ ಅಲ್ಲ! ಎರಡು ದಿನ ಅತ್ತಿದ್ದೆ. ಆದ್ರೂ ಪಾಸಾಯ್ತು. ಆ ಪ್ರಶ್ನೆ ತೆಗೆದೋರು ಯಾರೋ, ಅವರ ಹೊಟ್ಟೆ ತಣ್ಣಗಿರ್ಲಿ.”

ನಾನು ರಸ್ತೆಯ ಕಡೆ ನೋಡುತ್ತಾ, “ಹೌದು, ಇರ್ಲಿ” ಎಂದೆ. ಇಷ್ಟು ವರ್ಷವಾದರೂ ಆಕೆಗೆ ಹೇಳಿಲ್ಲ.

ಅಷ್ಟರಲ್ಲಿ ಮಾವ ಅಭ್ಯಾಸದಂತೆ ಒಳಕ್ಕೆ ತಿರುಗಿ, “ಕಾಫಿ ಕಾಯ್ಸಮ್ಮ” ಎಂದರು. ಸೊಸೆ ಏಳಹೋದರೆ ಅತ್ತೆ ಭುಜ ಹಿಡಿದು ಕೂರಿಸಿದರು. “ನೀನು ಕೂತ್ಕ. ನಾನು ಕಾಯಿಸ್ತೀನಿ. ಇವತ್ತು ನೀನೂ ಒಂದು ಲೋಟ ಕುಡೀಬೇಕು.” ಒಳಗೆ ಹೋದವರು ಚೊಂಬು ಹಿಡಿದುಕೊಂಡು ಹೊರಗೆ ಬಂದರು, ಅದರೊಳಕ್ಕೆ ಬಗ್ಗಿ ನೋಡಿದರು, ಲೆಕ್ಕ ಹಾಕಿದರು. ಆಮೇಲೆ ಒಂದು ಲೋಟ ತೆಗೆದುಕೊಂಡು ಜಗಲಿ ಇಳಿದು, ಪಕ್ಕದ ಮನೆಯ ಬಾಗಿಲಲ್ಲಿ ನಿಂತು, “ಒಂಚೂರು ಹಾಲಿದ್ರೆ ಕೊಡವ್ವ” ಎಂದು ಕೂಗಿದರು.

ಆಕೆ ಅತ್ತೆಯನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು, ಬಾಯಲ್ಲಿ ನಗು ಇತ್ತು.

“ಸಾರ್,” ಎಂದರು ನನಗೆ ಮಾತ್ರ ಕೇಳುವ ಹಾಗೆ, “ಈಗ ಬಂತು ನೋಡಿ ಚಾಲ್ತಿ ಖಾತೆ ಕೊರತೆ.”